ಮಗಳು ತಂದ ಕಲ್ಲು

ಆಚೆಯ ಬೆಳಕು ಕಾಣುವಷ್ಟು ತೆಳ್ಳಗೆ ಕಲ್ಲನ್ನು ಅರೆಯುವುದು ಅವನ ಕಸುಬು. ಭೂವಿಜ್ಞಾನದ ಪ್ರಯೋಗಾಲಯದಲ್ಲಿ ಎಲ್ಲರ ಬಾಯಲ್ಲೂ ಅವನು ಗಾಜಪ್ಪ. ಕಲ್ಲಿನ ಬಿಲ್ಲೆಯನ್ನು ಗಾಜಿಗೆ ಅಂಟಿಸಿ, ಒದ್ದೆ ಪುಡಿಯ ಮೇಲೆ ಉಜ್ಜಿ ಉಜ್ಜಿ ಈರುಳ್ಳಿ ಸಿಪ್ಪೆಯಂತೆ ಮಾಡಿ ಕೊಡುತ್ತಿದ್ದ. ಅದರ ಹರಳುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಆ ಕಲ್ಲು ಎಷ್ಟು ಆಳದಲ್ಲಿ ಬೆಂದದ್ದು ಎಂದು ತಿಳಿಯುತ್ತಿತ್ತು. ಅರೆದು ಹೋದದ್ದೆಲ್ಲ ಚರಂಡಿಗೆ.

ಅಪ್ಪನ ದೂಳಿನಲ್ಲೇ ಆಡಿ ಬೆಳೆದ ಮಗಳು ಓದಿ, ಅದೇ ಪ್ರಯೋಗಾಲಯದವರ ಜೊತೆ ಬೆಟ್ಟ ಹತ್ತುವವಳಾದಳು. ಊಟಕ್ಕೆ ಕೂತರೆ ಸಾಕು, ಶುರು. ಎರಡು ನೆಲಗಳು ಡಿಕ್ಕಿ ಹೊಡೆದಾಗ ಒಂದು ಇನ್ನೊಂದರಡಿ ಹೂತುಹೋಗುತ್ತದಂತೆ. ಅಲ್ಲಿನ ಕಾವಿಗೆ, ಒತ್ತಡಕ್ಕೆ ಕಲ್ಲು ಕರಗದೆಯೇ ಬೇರೆ ಕಲ್ಲಾಗುತ್ತದಂತೆ. ಮೇಲಿನದನ್ನು ಮಳೆ, ಹೊಳೆ ಸವೆಸಿ ಸಾಗಿಸಿದಷ್ಟೂ ಭಾರ ಇಳಿದು, ಅಡಿಯದು ಬೆಟ್ಟದ ಸಾಲಾಗಿ ಏಳುತ್ತದಂತೆ. ತಟ್ಟೆಯಲ್ಲಿದ್ದದ್ದು ಆರುತ್ತಿದೆ, ಬೆಟ್ಟ ಆಮೇಲೆ ಏಳಲಿ ಎಂದು ತಾಯಿ ಗದರುತ್ತಿದ್ದಳು.

ಬೆಟ್ಟದ ನೆತ್ತಿಯಲ್ಲೇ ಅಂಚು ಕುಸಿದು ಮಗಳು ಬಿದ್ದಳು. ದೇಹದ ಜೊತೆ ಮನೆಗೆ ಬಂದ ಚೀಲದಲ್ಲಿ ಮುಷ್ಟಿಗಾತ್ರದ ಒಂದು ಕಲ್ಲಿತ್ತು. ಆ ನೆತ್ತಿ ಎಷ್ಟು ಆಳದಿಂದ ಎದ್ದದ್ದು ಎಂಬುದೇ ಅವಳ ಪ್ರಶ್ನೆ; ಕಲ್ಲನ್ನು ಕತ್ತರಿಸಿದರೆ ಉತ್ತರ ಸಿಕ್ಕೀತು ಎಂದು ಪ್ರಯೋಗಾಲಯದ ಅವಳ ಮೇಡಂ ಹಿಂದೆಮುಂದೆ ನೋಡುತ್ತಲೇ ಹೇಳಿದರು. ತಾಯಿ ಜಪ್ಪಯ್ಯ ಎಂದರೂ ಕೊಡಲಿಲ್ಲ. ಮಗಳ ಶಾಲಿನಲ್ಲಿ ಸುತ್ತಿ ದಿಂಬಿನ ಪಕ್ಕದಲ್ಲಿಟ್ಟುಕೊಂಡು ಮಲಗಿದಳು.

ತಿಂಗಳುಗಳು ಕಳೆದ ಮೇಲೆ ಅವಳೇ ಅದನ್ನು ತಂದು ಗಂಡನ ಮಡಿಲಲ್ಲಿಟ್ಟಳು.

"ಕೂಸು ಕೇಳಿದ್ದಕ್ಕೆ ಉತ್ತರ ಸಿಗ್ಲಿ. ಬೇರೆಯವರ ಕೈಗೆ ಕೊಡ್ಬೇಡಿ, ನೀವೇ ಅರೀರಿ."

ಅರೆಯುವಾಗ ಅವನು ಒಂದು ಬೋಗುಣಿ ಇಟ್ಟುಕೊಂಡ. ಒಂದು ಹನಿ ಕೆಸರನ್ನೂ ಚರಂಡಿಗೆ ಬಿಡಲಿಲ್ಲ. ದಪ್ಪವಿರುವಾಗ ಸೂಕ್ಷ್ಮದರ್ಶಕದ ಬೆಳಕಿಗೆ ಹಳದಿ ಕಾಣುವ ಹರಳು, ಹದಕ್ಕೆ ಬಂದಾಗ ಬೂದಿಯ ಬಣ್ಣಕ್ಕೆ ತಿರುಗಬೇಕು. ಹಳದಿಯಲ್ಲೇ ಅವನ ಕೈ ನಿಂತಿತು. ಉಜ್ಜಿದಷ್ಟೂ ಮಗಳು ಮುಟ್ಟಿದ್ದು ಸವೆಯುತ್ತಿತ್ತು. ಹಾಗೇ ಒಯ್ದು ಕೊಟ್ಟಾಗ, ಇನ್ನೂ ದಪ್ಪವಿದೆ ಎಂದರು ಮೇಡಂ. ಅವನ ಕೆಲಸ ವಾಪಸು ಬಂದದ್ದು ಅದೇ ಮೊದಲು. ಮತ್ತೆ ಕೂತು, ಬೂದಿಯ ಬಣ್ಣ ಬರುವತನಕ ಅರೆದ.

ಸಂಜೆ ಬೋಗುಣಿಯನ್ನು ಎದೆಗವಚಿಕೊಂಡು ಮನೆಗೆ ಬಂದ. ಎಷ್ಟು ಆಳವಂತೆ, ಎಂದು ಹೆಂಡತಿ ಕೇಳಿದಳು. ಮೂವತ್ತು ಕಿಲೋಮೀಟರಿಗೂ ಕೆಳಗಿನದಂತೆ, ಎಂದ. ಅವಳು ಕೆಸರಿನಲ್ಲಿ ಬೆರಳಿಟ್ಟಳು.

"ಅಷ್ಟು ಕೆಳಗಿಂದ ಇದು ಎದ್ದು ಬಂತು," ಎಂದಳು. "ನಮ್ಮ ಕೂಸು ಬಿದ್ದಿದ್ದು ಎರಡಾಳುದ್ದ ಅಷ್ಟೆ."