ಫೈಲು ಹೋಗದ ದಾರಿ

ಮದುವೆಯಾಗಿ ನಾನು ಅಮೆರಿಕದ ಸ್ಯಾನ್ ಡಿಯೇಗೊದ ಮೀರಾ ಮೆಸಾ ಬಡಾವಣೆಗೆ ಬಂದ ಮೂರನೆಯ ವರ್ಷ, 2011ರ ಚಳಿಗಾಲದಲ್ಲಿ, ನನ್ನ ಲ್ಯಾಪ್‌ಟಾಪ್ ಕೆಟ್ಟಿತು. ಬಟನ್ ಒತ್ತಿದರೆ ಲೋಗೊ ಬರುತ್ತಿತ್ತು, ಪರದೆ ಕಪ್ಪಾಗುತ್ತಿತ್ತು, ಮತ್ತೆ ಲೋಗೊ. ನನಗೆ ಗಾಬರಿಯಾಗಲಿಲ್ಲ. ಬೆಂಗಳೂರಿನಲ್ಲಿ ನಾಲ್ಕು ವರ್ಷ ಒಂದು ಕಂಪನಿಯ ಸಪೋರ್ಟ್ ವಿಭಾಗದಲ್ಲಿ ಕೂತು, ಇಂಥ ಮಷೀನುಗಳನ್ನು ಎಬ್ಬಿಸುವುದೇ ನನ್ನ ಕೆಲಸವಾಗಿತ್ತು. ಇಲ್ಲಿ ಗಂಡನ ವೀಸಾದ ಮೇಲೆ ಬಂದವಳು. ಕೆಲಸ ಮಾಡುವ ಹಾಗಿರಲಿಲ್ಲ. ಓದಬಹುದಿತ್ತು.

ಎಂಎಸ್ ಓದಿನ ಆ ಅರ್ಜಿಯೇ ಲ್ಯಾಪ್‌ಟಾಪಿನೊಳಗೆ ಇತ್ತು. ಎಂಟು ತಿಂಗಳು ಕೂತು ಬರೆದ ಪ್ರಾಜೆಕ್ಟು, ಹನ್ನೊಂದು ಸಲ ತಿದ್ದಿದ ಪತ್ರ. ಕಳಿಸಲು ಒಂಬತ್ತು ದಿನ ಉಳಿದಿತ್ತು. ಬ್ಯಾಕಪ್ ಮಾಡಿರಲಿಲ್ಲ. ಊರಿಗೆಲ್ಲ ಬುದ್ಧಿ ಹೇಳಿದವಳು ನಾನು. ಪೆನ್‌ಡ್ರೈವ್ ಡ್ರಾಯರಿನಲ್ಲೇ ಬಿದ್ದಿತ್ತು. ಆ ತಪ್ಪು ನನ್ನದೇ.

ಆನ್ ಮಾಡಿ, ಲೋಗೊ ಬರುವ ಮೊದಲೇ ಎಫ್-8 ಕೀಯನ್ನು ಬಿಡದೆ ತಟ್ಟಿದೆ. ಎರಡನೆಯ ಸಲಕ್ಕೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ರಿಪೇರಿ ಆಯ್ಕೆಗಳ ಪಟ್ಟಿ ಬಂತು. ಎಷ್ಟು ದಿನದ ಮೇಲೆ ಕಂಡ ಮುಖ ಅದು! ಅಷ್ಟರಲ್ಲಿ ನನ್ನ ಗಂಡ ಬಂದು ಹಿಂದೆ ನಿಂತರು.

"ಏನೇನೋ ಒತ್ತಬೇಡ ಮಾರಾಯ್ತಿ. ನನ್ನ ಫ್ರೆಂಡ್ ನಾಳೆ ಊಟಕ್ಕೆ ಬರ್ತಿದಾನಲ್ಲ, ಅವನು ನೋಡ್ತಾನೆ."

"ನಂಗ ಗೊತ್ತೈತ್ರಿ ಇದು. ಹತ್ತು ನಿಮಿಷದ ಕೆಲಸ."

"ಗೊತ್ತಿದ್ದಿದ್ದು ಆವಾಗ. ಈಗ ಎಲ್ಲಾ ಬದಲಾಗಿದೆ," ಎಂದು ಅವರೇ ಮುಚ್ಚಳ ಮುಚ್ಚಿದರು. ನಾನು ಸುಮ್ಮನಾದೆ. ಯಾಕೆ ಸುಮ್ಮನಾದೆ ಎಂದು ಇವತ್ತಿಗೂ ನನ್ನನ್ನೇ ಬೈದುಕೊಳ್ಳುತ್ತೇನೆ.

ಮರುದಿನ ಲಾಂಗ್ ಬೀಚಿನಿಂದ ಡ್ರೈವ್ ಮಾಡಿಕೊಂಡು ಆ ಸ್ನೇಹಿತ ಬಂದ. ಒಳ್ಳೆಯ ಮನುಷ್ಯ, ನಗುಮುಖ. ಟೆಲಿಕಾಂ ಕಂಪನಿಯಲ್ಲಿ ಮ್ಯಾನೇಜರ್. ಊಟ ಮುಗಿಸಿ, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಅದೇ ಪಟ್ಟಿಗೆ ಹೋದ. ನಾನು ಮೊಸರಿನ ಪಾತ್ರೆ ಹಿಡಿದು ನಿಂತಿದ್ದೆ.

"ಮೊದಲ ಸ್ಟಾರ್ಟಪ್ ರಿಪೇರಿ ಕೊಟ್ಟು ನೋಡ್ರಿ. ಅದರಾಗ ಫೈಲು ಹೋಗಂಗಿಲ್ಲ," ಎಂದೆ.

"ಹೋಗಂಗಿಲ್ಲಂತ!" ಎಂದು ಆತ ನನ್ನ ಮಾತನ್ನೇ ಅನುಕರಿಸಿ ನಕ್ಕ. ನನ್ನ ಗಂಡನೂ ನಕ್ಕರು. "ಅದು ಟೈಮ್ ವೇಸ್ಟ್. ಫ್ಯಾಕ್ಟರಿ ಇಮೇಜ್ ಹಾಕಿಬಿಟ್ರೆ ಹೊಸದರ ಥರ ಓಡುತ್ತೆ."

"ಬ್ಯಾಡ್ರಿ, ಎಲ್ಲಾ ಅಳಿಸಿ ಹೋಗ್ತದ—"

ಆತ ಒತ್ತಿಯಾಗಿತ್ತು. ಕಂಪ್ಯೂಟರ್ ಸಹ ಒಮ್ಮೆ ಕೇಳಿತು, ನಿಜವಾಗಿಯೂ ಮುಂದುವರಿಯಬೇಕೇ ಎಂದು. ಅದಕ್ಕೂ ಆತ ಹೌದು ಎಂದ.

ಮುಕ್ಕಾಲು ಗಂಟೆಯ ನಂತರ ಲ್ಯಾಪ್‌ಟಾಪ್ ಅಂಗಡಿಯಿಂದ ತಂದ ದಿನದ ಹಾಗೆ ಎದ್ದು ನಿಂತು ನನ್ನ ಹೆಸರು ಕೇಳಿತು. "ನೋಡಿದ್ರಾ?" ಎಂದ ಸ್ನೇಹಿತ. ಇಬ್ಬರಿಗೂ ಕಾಫಿ ಮಾಡಿಕೊಟ್ಟೆ.

ಅಳಿಸಿದ ಫೈಲುಗಳನ್ನು ಹುಡುಕುವ ಪ್ರೋಗ್ರಾಂ ಹಾಕಿ ಎರಡು ದಿನ ಕೂತೆ. ಸಿಕ್ಕಿದ್ದು ಮುರಿದ ಚೂರುಗಳು, ಮದುವೆಯ ಕೆಲವು ಫೋಟೊ. ಪತ್ರವನ್ನು ನೆನಪಿನಿಂದ ಮತ್ತೆ ಬರೆದು, ಪ್ರಾಜೆಕ್ಟಿಲ್ಲದೆ ಅಪ್ಲೈ ಮಾಡಿದೆ. ಸೀಟು ಸಿಗಲಿಲ್ಲ. ಸಿಗದಿದ್ದುದು ಅದಕ್ಕೇ ಎಂದು ಹೇಳಲಾರೆ. ಅದಕ್ಕಲ್ಲ ಎಂದೂ ಹೇಳಲಾರೆ. "ಮುಂದಿನ ವರ್ಷ ಮಾಡು," ಎಂದರು ಗಂಡ. ಮುಂದಿನ ವರ್ಷ ಮಗಳು ಹುಟ್ಟಿದಳು.

ಇದಾಗಿ ಏಳು ವರ್ಷದ ಮೇಲೆ, ಲಾಸ್ ಏಂಜಲೀಸಿನಲ್ಲಿ ಒಂದು ಗೃಹಪ್ರವೇಶದ ಊಟ. ಹೆಂಗಸರ ಓದು, ಕೆಲಸದ ಮಾತು ಬಂತು. "ಇವಳೂ ಎಂಎಸ್‌ಗೆ ಟ್ರೈ ಮಾಡಿದ್ಲು. ಪಾಪ, ಹಾರ್ಡ್‌ಡಿಸ್ಕ್ ಕ್ರ್ಯಾಶ್ ಆಗಿ ಎಲ್ಲ ಹೋಯ್ತು," ಎಂದರು ನನ್ನ ಗಂಡ. ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ನೆನಪಿದ್ದದ್ದೇ ಹಾಗೆ.

"ಕ್ರ್ಯಾಶ್ ಆಗಿರಲಿಲ್ಲ," ಎಂದೆ. "ಡಿಸ್ಕ್ ಚಲೋ ಇತ್ತು. ಬ್ಯಾಡ ಅಂದ್ರೂ ನೀವೂ ನಿಮ್ಮ ಫ್ರೆಂಡೂ ಕೇಳದ ಅಳಿಸಿದ್ರಿ."

ಯಾರೋ ಪಾಯಸ ಬಡಿಸಲು ಎದ್ದರು. ವಾಪಸ್ಸು ಸ್ಯಾನ್ ಡಿಯೇಗೊಗೆ ಬರುವ ದಾರಿಯಲ್ಲಿ ಗಂಡ ಕಾರಿನ ರೇಡಿಯೊ ಜೋರು ಮಾಡಿದರು. ಹಿಂದಿನ ಸೀಟಿನಿಂದ ಮಗಳು ಕೇಳಿದಳು, "ಅಮ್ಮಾ, ಆರ್ ಯು ಆಂಗ್ರಿ ವಿತ್ ಅಪ್ಪ?"

"ಹೌದು," ಎಂದೆ.