ವಿರ್ಕೊ ಅಜ್ಜಿಯ ಕೆಮ್ಮು

“ವಿರ್ಕೊ ಕೈಗೆ ತಲೆ ಕೊಟ್ರೆ ಏಳು ತಲೆಮಾರು ಎದ್ದು ಬರುತ್ತೆ, ಹಿಂದೇನೇ ಅವಳ ಕೆಮ್ಮೂ ಬರುತ್ತೆ” ಎಂದು ದನಾಸ್ಟರ್ ನದಿಯ ದಂಡೆಯಲ್ಲಿದ್ದ ನಮ್ಮ ಗೋಥ್ ಕುಲದವರ ಹಟ್ಟಿಯಲ್ಲಿ ನೆರೆಯವರು ಆಡಿಕೊಳ್ಳುತ್ತಿದ್ದರು.

ಆಡಿಕೊಂಡವರ ಹೆಣ್ಣುಮಕ್ಕಳೇ ಮದುವೆಗೆ ಮುಂಚೆ ಅವಳ ಮುಂದೆ ಕೂರಬೇಕಿತ್ತು. ಜಿಂಕೆಕೊಂಬಿನ ಬಾಚಣಿಗೆಯಲ್ಲಿ ಸಿಕ್ಕು ಬಿಡಿಸಿ, ಜಡೆಯ ಒಂದೊಂದು ತಿರುವಿಗೆ ಒಬ್ಬೊಬ್ಬ ಅಜ್ಜಿಯ ಹೆಸರು ಹೇಳಿ ಹೆಣೆಯುವಳು. ಏಳನೆಯ ತಿರುವು ಮುಟ್ಟಿದರೆ, ಬಡಗಣ ಕಡಲಿನ ದ್ವೀಪದಿಂದ ಮೂರು ಹಡಗಿನಲ್ಲಿ ಬಂದ ಮೂಲದವರು. ಊರಿನ ಹುಟ್ಟೆಲ್ಲ ಅವಳ ಬೆರಳ ತುದಿಯಲ್ಲಿತ್ತು. ಅವಳ ಜಡೆಯನ್ನು ಮಾತ್ರ ಯಾರೂ ಹೆಣೆದಿರಲಿಲ್ಲ. ತಲೆಗೆ ಸದಾ ಬಟ್ಟೆ.

ಆ ವರ್ಷ ಮೂಡಣದ ಹೊಲಗಳಿಗೆ ಹೂಣರ ಕುದುರೆಗಳು ನುಗ್ಗಿದವು. ಹಟ್ಟಿ ಕಿತ್ತು ಡ್ಯಾನ್ಯೂಬ್ ದಂಡೆಗೆ ಹೋಗುವುದೆಂದಾಯಿತು. ಹಿರಿಯ ಸ್ವೆರಿಲ ಹಳೆಯ ಕಟ್ಟಳೆ ಸಾರಿದ: ನೊಗ ಮುಟ್ಟಿ ಏಳು ಅಜ್ಜಿಯರ ಹೆಸರು ಹೇಳಿದವರಿಗೆ ಬಂಡಿಯಲ್ಲಿ ಜಾಗ, ಹೇಳಲಾರದವರು ಸೆರೆಯಾಳುಗಳ ಜೊತೆ ಹಿಂದೆ ನಡೆಯಬೇಕು. ವಿರ್ಕೊಳ ಮೊಣಕಾಲು ಬಾವಿಯವರೆಗೂ ನಡೆಯುತ್ತಿರಲಿಲ್ಲ. ಹಿಂದೆ ಬಿದ್ದರೆ ಹುಲ್ಲುಗಾವಲಿನಲ್ಲೇ ಅವಳ ಕತೆ ಮುಗಿಯಿತು.

ಮೂರು ದಿನ ಊರೆಲ್ಲ ಅವಳ ಬಾಗಿಲಲ್ಲಿ ಕೂತು ಹೆಸರು ಕಲಿಯಿತು. ನಾಲ್ಕನೆಯ ದಿನ ಮನೆಮನೆಯವರೂ ನೊಗ ಮುಟ್ಟಿ, ಕಲಿತದ್ದನ್ನು ಚಾಚೂ ತಪ್ಪದೆ ಒಪ್ಪಿಸಿದರು. ಹೇಳಿಕೊಡುವಾಗ ಅವಳು ಕೆಮ್ಮಿದ ಕಡೆ ಅವರೂ ಕೆಮ್ಮಿದರು. ಸ್ವೆರಿಲನೂ ಮೂರನೆಯ ಅಜ್ಜಿಯ ಹತ್ತಿರ ಕೆಮ್ಮಿ ಮುಂದೆ ಹೋದ.

ಕೊನೆಗೆ ವಿರ್ಕೊ ನೊಗ ಮುಟ್ಟಿದಳು. “ಅಮ್ಮ ಮೊಯ್ಕೊ. ಅಜ್ಜಿ ದೊಮ್ನಾ. ಅಷ್ಟೇ.”

ಪಕ್ಕದ ಮನೆಯ ಆಲ್ಲಾ, ಬಾತುಕೋಳಿಗಾಗಿ ಇಪ್ಪತ್ತು ವರ್ಷ ಅವಳೊಡನೆ ಜಗಳವಾಡಿದವಳು, ಪಿಸುಗುಟ್ಟಿದಳು: “ನಮ್ಮಜ್ಜೀರ್ನ ತಗೊಳ್ಳೇ. ಯಾರಿಗೆ ಗೊತ್ತಾಗುತ್ತೆ?”

“ನಂಗೆ ಗೊತ್ತಾಗುತ್ತಲ್ವೇನೇ.” ವಿರ್ಕೊ ಸ್ವೆರಿಲನ ಕಡೆ ತಿರುಗಿದಳು. “ನಮ್ಮಜ್ಜಿ ಕಡಲಾಚೆ ಕಪಡೋಸಿಯ ಸೀಮೆಯೋಳು ಕಣಪ್ಪ. ಅವಳೂ ಹಡಗಲ್ಲೇ ಬಂದ್ಲು, ಕೈ ಕಟ್ಟಿಸ್ಕೊಂಡು. ಆಚೆಗೆ ನಂಗೊತ್ತಿಲ್ಲ.”

ಸ್ವೆರಿಲ ಗಡ್ಡ ಕೆರೆದುಕೊಂಡ. “ಅಲ್ಲಜ್ಜಿ, ಬೆಳಗಿಂದ ಕೇಳ್ತಿದೀನಿ. ಒಂದೊಂದು ಮನೇಗೆ ಒಂದೊಂದು ಕಡೆ ಕೆಮ್ಮು. ಎಣಿಸಿದ್ರೆ ಹೆಸರು ಆರೇ. ಏನದು?”

“ನಮ್ಮಜ್ಜಿ ಥರಾನೇ ಸೆರೆ ಬಂದು ನಿಮ್ಮನೆಗಳಲ್ಲಿ ಹೆತ್ತೋರು. ಹೆಸರು ಹೇಳಿದ್ರೆ ಮದುವೆ ಮುರೀತಿತ್ತು. ಸುಳ್ಳು ಹೇಳೋಕೆ ನಾಲಿಗೆ ಹೊರಳ್ಲಿಲ್ಲ. ಕೆಮ್ಮಿದೆ.”

ಮೊದಲು ಆಲ್ಲಾಳೇ ನಕ್ಕಳು. “ಸರಿಹೋಯ್ತು. ಊರೆಲ್ಲ ಹಿಂದೆ ನಡೀಲಿ, ಬಂಡಿ ಮೇಲೆ ಎತ್ತುಗಳು ಕೂತ್ಕೊಳ್ಳಲಿ.”

ನಗು ಒಬ್ಬರಿಂದೊಬ್ಬರಿಗೆ ಹಬ್ಬಿತು. ಸ್ವೆರಿಲ ನಗಲಿಲ್ಲ, ಅವಳ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ: “ನನ್ನ ಕೆಮ್ಮಿನ ಹೆಸರೇನಜ್ಜಿ?”

“ಬಂಡಿ ಹತ್ತಿಸು, ದಾರೀಲಿ ಹೇಳ್ತೀನಿ.”

ಅವಳಿಗೆ ಅವನ ಬಂಡಿಯಲ್ಲೇ ಜಾಗವಾಯಿತು. ಹೊರಡುವ ಬೆಳಿಗ್ಗೆ ಆಲ್ಲಾ ಬಂದು, ಕೇಳದೆಯೇ ತಲೆಬಟ್ಟೆ ಬಿಚ್ಚಿ, ನರೆಗೂದಲು ಬಾಚಿ ಜಡೆ ಹಾಕಿದಳು. ಮೊಯ್ಕೊ, ಒಂದು ತಿರುವು. ದೊಮ್ನಾ, ಇನ್ನೊಂದು. ಅಲ್ಲಿಗೇ ದಾರ ಕಟ್ಟಿದಳು.

ವಿರ್ಕೊ ತನ್ನಜ್ಜಿಯ ಕಾಲದ ಹುಳಿಹಿಟ್ಟಿನ ಮಡಕೆಯನ್ನು ಕಂಕುಳಲ್ಲಿಟ್ಟು, ಬಾಚಣಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ, ಒಲೆಗೆ ನೀರು ಸುರಿದಳು. ಬೂದಿ ಭುಗ್ಗೆಂದಿತು, ಕೆಮ್ಮು ಬಂತು. ಈ ಸಲ ಅದು ಬರೀ ಹೊಗೆಯ ಕೆಮ್ಮು. ಕಣ್ಣೊರೆಸಿಕೊಂಡು, ಆಲ್ಲಾಳ ತೋಳು ಹಿಡಿದು ಹೊಸ್ತಿಲು ದಾಟಿದಳು.