ಮಗ್ಗಾ ಚಾಲೂ ಮಾಡಿದ ಮ್ಯಾಲ ಶಂಕ್ರ್ಯಾ ಬಾಯಿ ಬಿಟ್ಟ

ನನ್ನ ಮಗಾ ಶಂಕ್ರ್ಯಾ ಸಿನಿಮಾದಾಗ ಪಾರ್ಟ ಮಾಡ್ಯಾನ. ನಗಬ್ಯಾಡ್ರಿ.

ದೊಡ್ಡ ಸಿನಿಮಾ ಅಲ್ಲ, ಶಾರ್ಟ್ ಫಿಲಂ. ಮಾಡಿದಾಕಿ ನನ್ನ ಮೊಮ್ಮಗಳು ಅಶ್ವಿನಿ, ಶಂಕ್ರ್ಯಾನ ಮಗಳು. ಕ್ಯಾಮೆರಾ ಅಂದ್ರ ಕೊಲ್ಲಾಪುರದ ಗೆಳತಿ ಪೂಜಾನ ಮೊಬೈಲ್. ಲೈಟ್ ಅಂದ್ರ ನಮ್ಮನಿ ಟ್ಯೂಬ್‌ಲೈಟ್. ಹೀರೋನ ಪಗಾರ ಒಂದ ಕಪ್ ಚಾ.

ಕತಿ ಏನ? ಒಬ್ಬಾಕಿ ಹುಡುಗಿ ಹಾಸಗಿ ಬಿಟ್ಟ ಏಳೂದಿಲ್ಲ. ಜ್ವರ ಇಲ್ಲ, ಗಾಯ ಇಲ್ಲ. ಮನಸ್ಸ ಕುಸದೈತಿ, ಅಷ್ಟ.

ಎಲ್ಲಿಂದ ಹುಡಿಕ್ಯಾಳ ಈ ಕತಿ? ಹೋದ ವರ್ಷ ಆಕಿನ ಹಂಗ ಬಿದ್ದಿದ್ದಳು, ಮಳಿಗಾಲ ಪೂರ್ತಿ. ನಾ ಬೈದೆ. (ಬೈಯೂದ ನನಗ ಚಲೋ ಬರತೈತಿ, ನಾ ಬರದದ್ದ ಓದೂ ನಿಮಗ ಗೊತ್ತೈತಿ.) ಡಾಕ್ಟರ ಗುಳಿಗಿ ಕೊಟ್ಟರು, ಕುಂಡ್ರಿಸಿ ಮಾತಾಡಿಸಿದರು. ನಿಧಾನಕ ಎದ್ದಳು. ಅವರಪ್ಪ ಮಾತ್ರ ಒಂದ ಮಾತ ಆಡಲಿಲ್ಲ. ಬಂದ, ಉಂಡ, ಮಗ್ಗದ ಪಾಳಿಗಿ ಹೋದ.

ಅದ ಆಕಿ ಎದಿಯಾಗ ನೆಟ್ಟಿತ್ತು. "ಆಯಿ, ನಾ ಅಲ್ಲೇ ಸತ್ತಿದ್ದರ ಅಪ್ಪಗ ಗೊತ್ತರ ಆಗತಿತ್ತೇನ?" ಅಂದಿದ್ದಳು ಒಮ್ಮೆ.

ಅದಕ್ಕ, ಹುಡುಗಿ ಪಾರ್ಟ ತಾನ, ಅಪ್ಪನ ಪಾರ್ಟ ಅಪ್ಪನ ಮಾಡಬೇಕಂತ ಹಟಾ ಹಿಡದಳು. ಡೈಲಾಗ್ ಒಂದ: "ಏಳವಾ, ನಾ ಅದೇನಿ."

ಸುಟ್ಟಿ ದಿನಾ ಶೂಟಿಂಗ್ ಇಟ್ಟರು. ನಮ್ಮ ಇಚಲಕರಂಜಿ ಓಣ್ಯಾಗ ಅವತ್ತೊಂದ ದಿನಾ ಕರೆಂಟ್ ಮಗ್ಗಾ ಬಂದ್, ಆವಾಜ್ ಸ್ವಚ್ಛ ಬರತೈತಿ. ಶಂಕ್ರ್ಯಾ ಇಸ್ತ್ರಿ ಅಂಗಿ ಹಾಕ್ಕೊಂಡ ನಿಂತ. ಬಾಯಿ ತಗದ, ಮುಚ್ಚಿದ. ಮತ್ತ ತಗದ, ಮತ್ತ ಮುಚ್ಚಿದ.

"ಕಾಕಾ, ಬೋಲಾ ನಾ! ಮಾತಾಡ್ರಿ!" ಅಂದಳು ಪೂಜಾ.

ಶಂಕ್ರ್ಯಾ ಇಸ್ತ್ರಿ ಅಂಗಿ ತೋಳಿಲೆ ಹಣಿ ಒರಸಿಕೊಂಡ.

"ಬಿಡ ಆಯಿ. ನನ್ನ ಜೋಡಿ ಮಾತಾಡೂದ ಅಪ್ಪಗ ಆಗೂದಿಲ್ಲ" ಅಂತ ಅಶ್ವಿನಿ ಎದ್ದ ಒಳಗ ಹೋದಳು.

ನಾ ಒದರಿದೆ. "ಏ ಹುಡುಗಿ, ಇವ ಮೀಸಿ ಬರೂಕಿಂತ ಮೊದಲ ಮಗ್ಗದ ಮುಂದ ನಿಂತಾನ. ಇಷ್ಟ ಗಪ್ಪ ಇದ್ದರ ಇವಗ ಅಂಜಿಕಿ ಬರತೈತಿ. ಶೆಡ್ಡಿಗಿ ಕರಕೊಂಡ ಹೋಗ, ಮಗ್ಗಾ ಹಚ್ಚ!"

ಶೆಡ್ಡ ಕಾಣದವರಿಗಿ ಹೇಳತೇನಿ. ಅಲ್ಲಿ ಎಷ್ಟ ಚೀರಿದರೂ ಬಾಜೂದವಗ ಕೇಳಸೂದಿಲ್ಲ. ಅದಕ್ಕ ನಾವು ಆವಾಜ್ ತಗಿಯೂದ ಇಲ್ಲ. ತುಟಿ ಅಷ್ಟ ಆಡಸತೇವಿ, ಎದರಿನವ ನೋಡಿ ತಿಳಕೋತಾನ. ಬುತ್ತಿ ಡಬ್ಬಿ ಕೊಡಾಕ ಬರೂ ಹುಡುಗರೂ ಕಲತಿರತಾವ. ಅಶ್ವಿನೀನೂ ಹಂಗ ಕಲತಾಳ.

ಮರುದಿನ ಶಂಕ್ರ್ಯಾ ಮಗ್ಗಾ ಚಾಲೂ ಮಾಡಿದ. ಖಡಖಡ ಸುರು ಆತು. ಮಗ್ಗದ ಆಚಿಕಡೆ ಮಗಳು ನಿಂತಿದ್ದಳು, ಬಾಜೂಕ ನಾನೂ, ಮೊಬೈಲ್ ಹಿಡದ ಪೂಜಾನೂ. ಆಕೀನ್ನ ನೋಡಿದ. ತುಟಿ ಹಂದ್ಯಾಡಿದೂ.

ಡೈಲಾಗ್ ಅಲ್ಲ.

"ಪಾಳಿ ಮುಗಿಸಿ ಬಂದಾವ ದಿನಾ ನಿನ್ನ ಬಾಗಲಾಗ ನಿಂದರತಿದ್ದೆ. ಚಾದರ ಮ್ಯಾಲ ಕೆಳಗ ಆಗತಿತ್ತ. ಉಸರ ಐತಿ ಅಂತ ನೋಡಿ, ಆಮ್ಯಾಲ ಕೈ ತೊಳಕೋತಿದ್ದೆ."

ಅಶ್ವಿನಿ ತುಟಿ ಆಡಸಿದಳು: "ಒಳಗ ಬರಬೇಕಿತ್ತಲಾ ಅಪ್ಪಾ."

"ಮೈ ತುಂಬ ಹತ್ತಿ ಧೂಳ ಇತ್ತವಾ."

ಅಷ್ಟರಾಗ ನೂಲಿನ ಎಳಿ ಹರೀತು. ಶಂಕ್ರ್ಯಾ ಮಗ್ಗಾ ನಿಂದರಿಸಿ ಗಂಟ ಹಾಕಾಕ ಬಗ್ಗಿದ. ಬಗ್ಗಿದಾವ ಭಾಳ ಹೊತ್ತ ಏಳಲಿಲ್ಲ.

ಪೂಜಾ ಇಯರ್‌ಫೋನ್ ಕಿತ್ತಳು. "ಒಂದೂ ಮಾತ ರೆಕಾರ್ಡ್ ಆಗಿಲ್ಲ! ಇನ್ನೊಂದ ಟೇಕ್?"

"ಬ್ಯಾಡ" ಅಂದಳು ಅಶ್ವಿನಿ. ಸೆರಗ ಹುಡುಕಿದಳು, ಡ್ರೆಸ್ಸಿಗಿ ಎಲ್ಲಿ ಸೆರಗ? ನನ್ನ ಸೆರಗ ಎಳದ ಕಣ್ಣ ಒರಸಿಕೊಂಡಳು.

ಕೊಲ್ಲಾಪುರದಾಗ ಫಿಲಂ ನೋಡಿದವರು "ಅಪ್ಪ ಏನಂದ್ರು?" ಅಂತ ಕೇಳಿದರಂತ. ನಮ್ಮ ಓಣ್ಯಾಗ ತೋರಿಸಿದಾಗ ಯಾರೂ ಕೇಳಲಿಲ್ಲ. ಶೆಡ್ಡಿನ ಗಂಡಸರು ಒಬ್ಬೊಬ್ಬರ ಚಾದ ನೆವಾ ಹೇಳಿ ಹೊರಗ ಹೋದರು. ಮರುದಿನ ಅವರ ಮಕ್ಕಳಿಗಿ ಏನರ ಅಂದಿರಬೇಕು, ನಂಬಿಗಿ ಐತಿ ನನಗ.

ಅವರಿಗಿ ಮಗ್ಗಾ ಐತಿ. ನಿಮ್ಮ ಮನ್ಯಾಗ ಮಾತ ಹೊರಡಾಕ ಯಾವ ಮಷೀನ್ ಚಾಲೂ ಮಾಡಬೇಕ್ರಿ?